ಕವಲಲ್ಲಿ ನಿಂತವರು

ಶಾಬ್ರಿಯೆ ಊರಿನಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತೊಂದಿತ್ತು: ಕುರಿ ಬೆಟ್ಟ ಹತ್ತಿದ ಮೇಲೇ ರಸ್ತೆಗೆ ಬಣ್ಣ.

ಜೂನ್ ತಿಂಗಳಲ್ಲಿ ಬಯಲಿನ ಮಂದೆಗಳು ವೆರ್ಕೋರ್ ಬೆಟ್ಟದ ಹುಲ್ಲುಗಾವಲಿಗೆ ಆ ಊರಿನ ಮೇಲೆಯೇ ನಡೆದುಹೋಗುತ್ತವೆ. ಅದೇ ತಿಂಗಳ ಕೊನೆಯ ಭಾನುವಾರ ಸೈಕಲ್ ಕ್ಲಬ್ಬಿನ ದೊಡ್ಡ ಸವಾರಿ. ಸುತ್ತಲಿನ ಊರುಗಳಿಂದ ನೂರಾರು ಜನ ಬರುತ್ತಾರೆ. ಅವರಿಗೆ ದಾರಿ ತೋರಿಸುವುದು ನಕ್ಷೆಯಲ್ಲ, ಪ್ರತಿ ಕವಲಿನಲ್ಲೂ ಡಾಂಬರಿನ ಮೇಲೆ ಬಳಿದ ಹಳದಿ ಬಾಣ. ಅದು ಸುಣ್ಣದ ಬಣ್ಣ. ನಾಲ್ಕು ಮಳೆಗೆ ತೊಳೆದುಹೋಗಬೇಕು ಎನ್ನುವುದು ರಸ್ತೆ ಇಲಾಖೆಯವರ ಷರತ್ತು. ಮಳೆಗೇ ನಿಲ್ಲದ ಬಣ್ಣ ಸಾವಿರಾರು ಗೊರಸುಗಳಿಗೆ ನಿಂತೀತೆ?

ಆ ವರ್ಷ ಬಾಣ ಬಳಿಯುವ ಕೆಲಸ ಒದಿಲ್‌ಳದಾಗಿತ್ತು. ದಾರಿಯೂ ಅವಳದೇ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಐವತ್ತರ ಹತ್ತಿರದ ಈ ಹೆಂಗಸು ಎರಡು ಚಳಿಗಾಲ ಕ್ಲಬ್ಬಿನ ಸಭೆಗಳಲ್ಲಿ ಒಂದೇ ಹಟ ಹಿಡಿದಿದ್ದಳು. ಈ ಸಲ ನದಿಯ ದಂಡೆಯ ಹಳೆಯ ದಾರಿ ಬೇಡ, ಹೊಲಮನೆಗಳ ನಡುವೆ ಏರಿ ಪೊರ್ತೆತ್ ಘಾಟಿಯನ್ನು ದಾಟೋಣ ಎಂದು. ಒಮ್ಮೆ ವಸಂತದಲ್ಲಿ ಒಬ್ಬಳೇ ಆ ಘಾಟಿ ಹತ್ತಿದ್ದವಳು ಮೇಲೆ ಕಂಡದ್ದನ್ನು ಯಾರಿಗೂ ಬಾಯಲ್ಲಿ ಹೇಳಲು ಆಗದೆ ಸೋತಿದ್ದಳು. ಕರೆದುಕೊಂಡು ಹೋಗಿ ತೋರಿಸುವುದೊಂದೇ ಉಳಿದಿತ್ತು.

"ಅಲ್ಲಿಗೆ ರಣಹದ್ದು ಬಿಟ್ರೆ ಯಾರು ಹೋಗ್ತಾರೆ ಮಾರಾಯ್ತಿ" ಎಂದಿದ್ದ ಕ್ಲಬ್ಬಿನ ಅಧ್ಯಕ್ಷ ಎದ್ಮೋಂ. ನದಿ ದಂಡೆಯ ದಾರಿ ಅವನು ಹಾಕಿದ್ದು. ಕೊನೆಗೆ ಒಪ್ಪಿದರೂ ಒಂದು ಮಾತು ಸೇರಿಸಿದ್ದ: "ಒಬ್ಬರೇ ಒಬ್ಬರು ದಾರಿ ತಪ್ಪಿದ್ರೂ ಮುಂದಿನ ವರ್ಷದಿಂದ ಮತ್ತೆ ನದಿ. ಆಮೇಲೆ ನನ್ನ ಹತ್ರ ಅಳಬಾರದು."

ಮಂದೆ ಪ್ರತಿವರ್ಷ ಸವಾರಿಗೆ ಮುಂಚಿನ ಗುರುವಾರ ಇದೇ ದಾರಿಯಲ್ಲಿ ಹತ್ತುತ್ತಿತ್ತು. ಒದಿಲ್ ಶುಕ್ರವಾರ ಬಣ್ಣದ ಡಬ್ಬಿ ಹಿಡಿದು ಹೊರಟಳು. ಕುರಿ ಹೋಯಿತೇ ಎಂದು ಯಾರನ್ನೂ ಕೇಳಲಿಲ್ಲ, ಕೇಳುವಂಥದ್ದು ಏನಿದೆ ಎಂದುಕೊಂಡಳು. ಮೊಣಕಾಲೂರಿ ಒಂದೊಂದು ಬಾಣವನ್ನೂ ರಂಗೋಲಿಯ ಹಾಗೆ ಅಂಚು ತಿದ್ದಿ ಬರೆದಳು.

ಶನಿವಾರ ಸಂಜೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಗಂಟೆಗಳ ಸದ್ದು ಕೇಳಿಸಿತು. ಕೆಳಗೆ ಬಯಲಲ್ಲಿ ಮಳೆ ಹಿಡಿದು ಮಂದೆ ಎರಡು ದಿನ ತಡವಾಗಿತ್ತು. ಬಾಗಿಲು ತೆರೆದರೆ ಬೀದಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಉಣ್ಣೆಯ ಹೊಳೆ. ಅದು ಹರಿದು ಮುಗಿಯುವವರೆಗೂ ಅವಳು ಹೊಸ್ತಿಲಲ್ಲೇ ನಿಂತಳು. ಮಂದೆಯ ಕೊನೆಯಲ್ಲಿ ಬರುತ್ತಿದ್ದ ಮುದುಕ ಕುರುಬ ಮಾರ್ಸ್ಯಾಲ್ ಟೋಪಿ ಎತ್ತಿ ವಂದಿಸಿದ. ಅವಳಿಗೆ ಕೈ ಎತ್ತಲೂ ಆಗಲಿಲ್ಲ.

ಇಗರ್ಜಿಯ ಮೂಲೆಗೆ ಓಡಿಹೋಗಿ ನೋಡಿದಳು. ಮೊದಲ ಬಾಣವಿದ್ದ ಕಡೆ ಹಿಕ್ಕೆ, ಧೂಳು, ಒಂದಿಷ್ಟು ಹಳದಿ ಕಲೆ.

ಬಣ್ಣ ಮುಗಿದಿತ್ತು. ಬಣ್ಣದ ಅಂಗಡಿ ಇನ್ನು ತೆರೆಯುವುದು ಮಂಗಳವಾರ. ಎದ್ಮೋಂ ಮನೆಯ ಗೇಟಿನವರೆಗೆ ಹೋದವಳು ಒಳಗಿನ ನಗುವಿನ ಸದ್ದು ಕೇಳಿ ಹಾಗೇ ಹಿಂತಿರುಗಿದಳು.

ಬೆಳಕು ಹರಿಯುವ ಹೊತ್ತಿಗೆ ಅವಳು ಬೇಕರಿಯ ಹಿಂಬಾಗಿಲಲ್ಲಿದ್ದಳು.

"ಹಿಟ್ಟು ಬೇಕು. ಒಂದು ಚೀಲ."

"ಭಾನುವಾರ ಬೆಳಿಗ್ಗೆ ಹಿಟ್ಟು ಕೇಳೋಕೆ ಬಂದ ಮೊದಲ ಗಿರಾಕಿ ನೀನು" ಎಂದ ಬೇಕರಿಯ ರೆಮಿ. ಸಂಗತಿ ಕೇಳಿದ ಮೇಲೆ ನಗಲಿಲ್ಲ. ಚೀಲವನ್ನು ಅವಳ ಬೆನ್ನಿಗೆ ಸರಿಯಾಗಿ ಕಟ್ಟಿದ. "ಗಾಳಿ ಎದ್ರೆ ಹಾರಿಹೋಗುತ್ತೆ, ಬಾಣ ಬಗ್ಗಿ ಹಾಕು" ಎಂದು ಹೇಳಿ, ಒಲೆಯಿಂದ ಆಗಷ್ಟೇ ತೆಗೆದ ಬನ್ನೊಂದನ್ನು ಕಾಗದದಲ್ಲಿ ಸುತ್ತಿ ಅವಳ ಸೈಕಲ್ ಅಂಗಿಯ ಬೆನ್ನಜೇಬಿಗೆ ತುರುಕಿದ. ಹತ್ತುವಾಗ ಆ ಬಿಸಿ ಅವಳ ಸೊಂಟಕ್ಕೆ ತಾಗುತ್ತಲೇ ಇತ್ತು.

ಊರಾಚೆಯ ಮೊದಲ ಕವಲಿನಲ್ಲಿ ಯಾರೋ ಕುಳಿತಿದ್ದರು. ಹತ್ತಿರ ಹೋದರೆ ಲೆಯೋನಿ ಅಜ್ಜಿ. ಅಡುಗೆಮನೆಯ ಕುರ್ಚಿ ತಂದು ಹಾಕಿಕೊಂಡು, ಇಗರ್ಜಿಗೆ ಹಾಕುವ ಕೋಟು ತೊಟ್ಟು, ತೀರಿಹೋದ ಗಂಡನ ಕೊಡೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಒದಿಲ್ ಸೈಕಲ್ಲಿನಿಂದ ಇಳಿದು ಚೀಲ ಬಿಚ್ಚಿದಳು.

"ಒಳ್ಳೇ ಹಿಟ್ಟನ್ನ ಯಾಕೆ ಹಾಳು ಮಾಡ್ತೀಯೆ?" ಎಂದಳು ಅಜ್ಜಿ. "ನಾನಿದ್ದೀನಲ್ಲ."

"ನೀವು ಇಲ್ಲಿ ಏನು ಮಾಡ್ತಿದ್ದೀರಿ ಅಜ್ಜಿ?"

"ಎಡಕ್ಕೆ ತೋರಿಸೋಕೆ ಕೂತಿದ್ದೀನಿ. ಎಡಕ್ಕೆ ತಾನೆ? ಮಾರ್ಸ್ಯಾಲ್ ಹಾಗಂದ." ಕೊಡೆ ಎತ್ತಿ ಎಡಕ್ಕೆ ಚಾಚಿ ತೋರಿಸಿದಳು. "ನಿನ್ನೆ ಕತ್ತಲಾಗೋ ಹೊತ್ತಿಗೆ ಬಂದು ಬಾಗಿಲು ಬಡಿದ. ನನ್ನ ಕುರಿ ಒದಿಲ್‌ಳ ಬಾಣ ತುಳಿದು ಹಾಕ್ತಿವೆ, ನಾಳೆ ಯಾರಾದ್ರೂ ನಿಂತು ದಾರಿ ತೋರಿಸಿ ಅಂದ. ಹೇಳಿದ್ದೇ ಮಂದೆ ಹಿಂದೆ ಓಡಿದ. ಒಂದು ಲೋಟ ನೀರೂ ಕುಡೀಲಿಲ್ಲ. ಕವಲು ಬಂದಲ್ಲೆಲ್ಲ ಹೀಗೇ ಮಾಡ್ಕೊಂಡು ಹೋಗಿರಬೇಕು ಪಾಪ."

"ತಪ್ಪು ಕುರೀದಲ್ಲ ಅಜ್ಜಿ, ನನ್ನದು. ಕೇಳದೆ ಬಳಿದೆ."

"ಅದು ಈ ದಾರಿಯವರಿಗೆಲ್ಲ ಗೊತ್ತು ಬಿಡು. ಇನ್ನು ಹತ್ತು ವರ್ಷ ಕ್ರಿಸ್‌ಮಸ್ ಊಟಕ್ಕೆ ಅದೇ ಮಾತು." ಅಜ್ಜಿ ಕೋಟಿನ ಗುಂಡಿ ಸರಿಮಾಡಿಕೊಂಡಳು. "ಘಾಟಿ ಬುಡದ ಕವಲಲ್ಲಿ ಮಾತ್ರ ಮನೆಯೇ ಇಲ್ಲ, ಅಲ್ಲಿಗೆ ಏನು ಮಾಡ್ಲಿ ಅಂತ ಅವನು ಪೇಚಾಡ್ತಿದ್ದ. ನೀನು ಅಲ್ಲಿಗೆ ಹೋಗು. ಇಲ್ಲಿ ಒಬ್ಬರನ್ನೂ ದಾರಿ ತಪ್ಪೋಕೆ ಬಿಡಲ್ಲ ನಾನು."

ಒದಿಲ್ ಹೊರಟಳು. ನಂಬಬೇಕೋ ಬೇಡವೋ ತಿಳಿಯದೆ ತುಳಿದಳು. ವಾಲ್‌ನಟ್ ತೋಪಿನ ಕವಲಿನಲ್ಲಿ ಗಂಡ ಹೆಂಡತಿ ಜೇನುಗೂಡಿನ ಬಲೆಟೋಪಿ ಹಾಕಿಕೊಂಡೇ ನಿಂತಿದ್ದರು. ಬೆಳಗಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದವರು. ಸೇತುವೆಯ ಕವಲಿನಲ್ಲಿ, ಗಡಿಗೋಡೆಯ ಜಗಳದಿಂದ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಬೋನೆ ಅಣ್ಣತಮ್ಮಂದಿರು ರಸ್ತೆಯ ಆಚೆಗೊಬ್ಬ ಈಚೆಗೊಬ್ಬ ನಿಂತು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಕಡೆಗೆ ಕೈ ಚಾಚಿದ್ದರು. ಅದರ ಮೇಲಿನ ತಿರುವಿನಲ್ಲಿ ಒಬ್ಬ ಮುದುಕ ಬೇಲಿಗೆ ಕೆಂಪು ರಜಾಯಿ ಹರವಿ, ದೂರದಿಂದಲೇ ಕಾಣಲಿ ಎಂದು ಅದರ ಮುಂದೆ ನಿಂತಿದ್ದ. ಅವಳಿಗೆ ಅವನ ಹೆಸರು ಕೂಡ ಗೊತ್ತಿರಲಿಲ್ಲ.

"ಬಲಕ್ಕೆ ಅಮ್ಮಾ, ಬಲಕ್ಕೆ" ಎಂದ ಅವನು, ಅವಳೂ ಸವಾರರಲ್ಲಿ ಒಬ್ಬಳೆಂದುಕೊಂಡು.

ಅವಳು ಬಲಕ್ಕೆ ತಿರುಗಿದಳು. ಕಣ್ಣು ಮಂಜಾಗಿತ್ತು. ಈ ರಸ್ತೆಯ ಪ್ರತಿ ಏರು, ಪ್ರತಿ ನೆರಳು ತನಗೆ ಗೊತ್ತೆಂದು ಅವಳು ತಿಳಿದಿದ್ದಳು. ಬಾಗಿಲುಗಳ ಹಿಂದೆ ಇರುವವರನ್ನು ಎಣಿಕೆಗೆ ತೆಗೆದುಕೊಂಡಿರಲೇ ಇಲ್ಲ.

ಘಾಟಿಯ ಬುಡದ ಕವಲಿನಲ್ಲಿ ಯಾರೂ ಇರಲಿಲ್ಲ. ಬಲಗಡೆಯದು ಘಾಟಿಗೆ ಏರುವ ರಸ್ತೆ. ಎಡಗಡೆಯದು ಹಳೆಯ ಕಲ್ಲುಗಣಿಗೆ ಇಳಿಯುತ್ತದೆ. ಅಗಲವಾದ, ಆಸೆ ಹುಟ್ಟಿಸುವ ಇಳಿಜಾರು, ಆದರೆ ಎರಡು ತಿರುವು ಕಳೆದರೆ ಬರೀ ಜಲ್ಲಿ. ವೇಗವಾಗಿ ಬಂದವರು ಅಲ್ಲಿ ಬಿದ್ದರೆ ಹಲ್ಲು ಉಳಿಯುವುದಿಲ್ಲ. ಒದಿಲ್ ಬಗ್ಗಿ ಹಿಟ್ಟು ಸುರಿದಳು. ಗಾಳಿ ಒಂದೇ ಉಸಿರಿಗೆ ಅದನ್ನು ಎತ್ತಿಕೊಂಡು ಹೋಗಿ ಅವಳ ಮುಖಕ್ಕೇ ಬಳಿಯಿತು. ಎಲ್ಲರಿಗಿಂತ ಮೊದಲು ಮೇಲೆ ಹೋಗಿ ನಿಂತು ಬರುವವರ ಮುಖ ನೋಡಬೇಕೆಂಬ ಆಸೆಯನ್ನು ಅವಳು ಎರಡು ಚಳಿಗಾಲ ಸಾಕಿದ್ದಳು. ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ಗಣಿಯ ರಸ್ತೆಗೆ ಅಡ್ಡವಾಗಿ ನಿಂತು ಬಲಗೈ ಚಾಚಿದಳು.

ಬಹಳ ಹೊತ್ತಿನ ಮೇಲೆ ಕೆಳಗೆ ಬಣ್ಣಗಳು ಕಾಣಿಸಿದವು. ಮೊದಲು ನಾಲ್ಕೈದು, ಆಮೇಲೆ ಸಾಲು. ಹೊಲಗಳ ನಡುವೆ ತಿರುತಿರುಗಿ ಏರಿ ಬರುವ ಸಾಲನ್ನು ಯಾರೋ ಸೂಜಿಗೆ ಪೋಣಿಸಿ ಬೆಟ್ಟದ ಮೈಗೆ ಹೊಲಿಯುತ್ತಿರುವ ಹಾಗಿತ್ತು. ಒಂದು ಕವಲಿನಲ್ಲೂ ಆ ದಾರ ತುಂಡಾಗಲಿಲ್ಲ. ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಅವಳನ್ನು ದಾಟಿದರು. "ಮುಖಕ್ಕೆ ಏನಾಯ್ತು ಮೇಡಂ, ಸುಣ್ಣದ ಗೂಡಿಗೆ ಬಿದ್ರಾ?" ಎಂದು ಒಬ್ಬ ಕೇಳಿದ. ಅವಳು ಕೈ ಇಳಿಸದೆ ನಕ್ಕಳು. ತೋಳು ನೋಯತೊಡಗಿತ್ತು. ಲೆಯೋನಿ ಅಜ್ಜಿಯ ಕೊಡೆ ಎಷ್ಟು ಭಾರವಿದ್ದೀತು ಎಂದು ಯೋಚಿಸಿದಳು.

ಎಲ್ಲರ ಹಿಂದೆ, ಕೊನೆಯವರನ್ನು ಬಿಟ್ಟುಬರಬಾರದೆಂಬ ಕ್ಲಬ್ಬಿನ ಪದ್ಧತಿಯಂತೆ, ಎದ್ಮೋಂ ಬಂದ.

"ಕವಲಿಗೆ ಒಬ್ಬರಂತೆ ನಿಲ್ಲಿಸಿದ್ದೀಯಲ್ಲ" ಎಂದ, ಕಾಲೂರಿ ಬೆವರು ಒರೆಸಿಕೊಳ್ಳುತ್ತ. "ಆ ಬೋನೆ ಸಹೋದರರನ್ನ ಒಂದು ರಸ್ತೆಗೆ ಹೇಗೆ ತಂದೆ?"

"ನಾನು ತರಲಿಲ್ಲ. ಕುರಿ ಹತ್ತೋಕೆ ಮುಂಚೆ ಬಾಣ ಬಳಿದುಬಿಟ್ಟೆ. ಒಂದೂ ಉಳೀಲಿಲ್ಲ. ನಿಮಗೆ ಹೇಳೋ ಧೈರ್ಯ ಬರಲಿಲ್ಲ. ಇವರೆಲ್ಲ ತಾವೇ ಬಂದು ನಿಂತ್ರು."

ಎದ್ಮೋಂ ಅವಳ ಹಿಟ್ಟಿನ ಮುಖವನ್ನು ನೋಡಿದ. ಕೊರಳಿನ ಕರವಸ್ತ್ರ ಬಿಚ್ಚಿ ಕೊಟ್ಟ. "ಮುಖ ಒರೆಸ್ಕೋ. ಒಬ್ಬರೂ ತಪ್ಪಿಲ್ಲ, ನಾನೇ ಸಾಕ್ಷಿ. ನಡಿ, ನಿನ್ನ ರಣಹದ್ದು ತೋರಿಸು."

ಇಬ್ಬರೂ ನಿಧಾನವಾಗಿ ಹತ್ತಿದರು. ಘಾಟಿಯ ನೆತ್ತಿಯಲ್ಲಿ ರಸ್ತೆ ಒಂದು ಬಂಡೆಯ ಸೀಳನ್ನು ನುಸುಳುತ್ತದೆ. ನುಸುಳಿದ್ದೇ ನೆಲ ಮುಗಿದುಹೋಗುತ್ತದೆ. ಎದುರಿಗೆ ಒಂದು ಇಡೀ ಊರನ್ನು ನಿಲ್ಲಿಸಿ ಅದರ ಮೇಲೆ ಇನ್ನೊಂದನ್ನು ನಿಲ್ಲಿಸಿದರೂ ತುದಿ ಮುಟ್ಟದಷ್ಟು ಎತ್ತರದ ಬಿಳಿಯ ಬಂಡೆಗೋಡೆ, ಕಣ್ಣು ಹೋದಷ್ಟು ದೂರಕ್ಕೆ. ರಣಹದ್ದುಗಳು ಕಾಲ ಕೆಳಗೆ ಹಾರುತ್ತಿದ್ದವು, ಅವುಗಳ ಬೆನ್ನು ಕಾಣುತ್ತಿತ್ತು. ಎಲ್ಲೋ ಮಂದೆಯ ಗಂಟೆ. ಮೊದಲೇ ತಲುಪಿದವರು ಘಾಟಿಯ ಆಚೆ ಕ್ಲಬ್ಬು ಏರ್ಪಡಿಸಿದ್ದ ಊಟಕ್ಕೆ ಇಳಿಯದೆ, ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಎದ್ಮೋಂ ಟೋಪಿ ತೆಗೆದ.

"ಇಷ್ಟು ವರ್ಷ ನದಿ ನೋಡ್ಕೊಂಡು ಕೂತಿದ್ದೆನಲ್ಲ ನಾನು" ಎಂದ ಕೊನೆಗೆ.

ಒದಿಲ್ ಆ ಗೋಡೆಯನ್ನು ನೋಡಿದಳು. ಆಮೇಲೆ ಏಕೋ ತಿರುಗಿ, ಬಂಡೆಯ ಸೀಳಿನಿಂದ ತಾವು ಹತ್ತಿ ಬಂದ ದಾರಿಯನ್ನು ನೋಡಿದಳು. ತುಂಬ ಕೆಳಗೆ, ತಿರುವಿನಲ್ಲಿ, ಉಗುರಿನಷ್ಟು ಕೆಂಪು. ರಜಾಯಿ. ಅದರ ಮುಂದೆ ಒಂದು ಚುಕ್ಕೆ. ಸೇತುವೆಯ ಎರಡು ಬದಿಗೆ ಇನ್ನೆರಡು ಚುಕ್ಕೆ. ಸವಾರರೆಲ್ಲ ದಾಟಿಯಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಿಸಿಲು ಏರುತ್ತಿತ್ತು, ಅವರು ನಿಂತೇ ಇದ್ದರು.

ಅವಳು ಸೈಕಲ್ ತಿರುಗಿಸಿದಳು.

"ಎಲ್ಲಿಗೆ? ಊಟ ಆ ಕಡೆ ಇರೋದು" ಎಂದ ಎದ್ಮೋಂ.

"ನನ್ನ ಪಾಲು ಎತ್ತಿಡಿ."

ಬ್ರೇಕಿನ ಮೇಲೆ ಕೈಯಿಟ್ಟು ತಿರುವಿನಿಂದ ತಿರುವಿಗೆ ಇಳಿದಳು. ಕೆಂಪು ರಜಾಯಿಯ ಮುದುಕ ಅವಳನ್ನು ದೂರದಿಂದಲೇ ಕಂಡ. ಗಾಬರಿಯಿಂದ ಎರಡು ಹೆಜ್ಜೆ ರಸ್ತೆಗೆ ಬಂದು, ಅವಳು ಬಂದ ದಿಕ್ಕಿಗೇ, ಬೆಟ್ಟದ ಕಡೆಗೆ, ಎರಡೂ ಕೈ ಎತ್ತಿ ತೋರಿಸತೊಡಗಿದ.

"ಆ ಕಡೆ ಅಮ್ಮಾ, ಆ ಕಡೆ. ನೀನು ದಾರಿ ತಪ್ಪಿದ್ದೀಯ."