ಜಿಯೋನಿ ಕೈ ತೊಳೆದ ನೀರು

ಆ ಮಳೆಗಾಲ ನಮ್ಮ ಮಲಾವಿ ದೇಶದ ಸರೋವರದ ದಡದಲ್ಲಿ ಕಾಲರಾ ಮನೆಮನೆ ಹೊಕ್ಕಿತ್ತು. ಪಕ್ಕದ ಮನೆಯ ಫಲೇಸಿ ಅಜ್ಜಿಯ ತಮ್ಮನೂ ಅದಕ್ಕೇ ಹೋದ. ಮಣ್ಣು ಮಾಡಿ ಬಂದು ಊಟಕ್ಕೆ ಕೂತೆವು. ನಮ್ಮಲ್ಲಿ ಎಲ್ಲರಿಗೂ ಒಂದೇ ಬೋಗುಣಿ ನೀರು. ಹಿರಿಯರು ಮೊದಲು ಕೈ ತೊಳೆಯಬೇಕು, ಆಮೇಲೆ ವಯಸ್ಸಿನ ಪ್ರಕಾರ ಉಳಿದವರು. ಅಜ್ಜಿಯಿಂದ ಹೊರಟ ಬೋಗುಣಿ ಇಪ್ಪತ್ತು ಜನರನ್ನು ದಾಟಿ ಅವಳ ಐದು ವರ್ಷದ ಮೊಮ್ಮಗಳು ಜಿಯೋನಿಯ ಮುಂದೆ ಬಂತು. ಮಗು ಕೈ ಅದ್ದಿ, ಮೆಕ್ಕೆಜೋಳದ ಮುದ್ದೆ ಮುರಿದು ಬಾಯಿಗಿಟ್ಟುಕೊಂಡಿತು.

ಅಷ್ಟರಲ್ಲಿ ತಿಯಾಮಿಕೆ ಬಂದಳು. ನಮ್ಮ ವಾರ್ಡಿನ ಹೊಸ ಕೌನ್ಸಿಲರ್, ಇನ್ನೂ ಇಪ್ಪತ್ತಾರು ವರ್ಷ. ಕೈಯಲ್ಲಿ ತಂಬಿಗೆ, ಸೋಪು. ಬೋಗುಣಿ ಬೇಡ, ನೀರು ಸುರಿದು ತೊಳೆಯಿರಿ ಎಂದಳು. ಸಾವಿನ ಮನೆಯಲ್ಲಿ ಬೋಗುಣಿ ಬೇಡ ಎಂದರೆ ನೆಂಟಸ್ತಿಕೆಯೇ ಬೇಡ ಎಂದ ಹಾಗೆ. ಅಜ್ಜಿ ಕೆರಳಿದಳು.

"ನಿನ್ನೆ ಮೊನ್ನೆ ಮೂಗು ಸುರಿಸ್ಕೊಂಡು ಓಡಾಡ್ತಿದ್ದೋಳು, ನನಗೆ ಕೈ ತೊಳೆಯೋದು ಕಲಿಸ್ತೀಯೇನೇ?"

ಸುಳ್ಳು ಯಾಕೆ ಹೇಳಲಿ, ನನಗೂ ಸಿಟ್ಟು ಬಂದಿತ್ತು. ತಿಯಾಮಿಕೆ ಮಾತ್ರ ಆ ಬೋಗುಣಿಯನ್ನೇ ಎತ್ತಿ ತಂದು ಅಜ್ಜಿಯ ಮುಂದಿಟ್ಟಳು.

"ಹಾಗಾದ್ರೆ ಇದರಲ್ಲೇ ಇನ್ನೊಂದ್ಸಲ ತೊಳ್ಕೊಳ್ಳಿ ಅಜ್ಜಿ."

"ಥೂ, ಊರೋರೆಲ್ಲ ತೊಳೆದ ರಾಡಿ ನೀರು. ಇದಕ್ಕೆ ಯಾರಾದ್ರೂ ಕೈ ಹಾಕ್ತಾರಾ?"

"ಜಿಯೋನಿ ಈಗಷ್ಟೇ ಹಾಕಿದ್ಲಲ್ಲ."

ಅಜ್ಜಿ ಮೊಮ್ಮಗಳನ್ನು ಎಳೆದುಕೊಂಡು, ತಂಬಿಗೆಯ ನೀರು ಸುರಿದು ಅವಳ ಕೈ ಉಜ್ಜಿ ಉಜ್ಜಿ ತೊಳೆದಳು. ಆದರೆ ಒಂದು ತುತ್ತು ಆಗಲೇ ಹೊಟ್ಟೆ ಸೇರಿತ್ತು.

ಮರುದಿನ ಬೆಳಿಗ್ಗೆ ಜಿಯೋನಿಗೆ ಅಕ್ಕಿ ತೊಳೆದ ನೀರಿನಂಥ ಭೇದಿ. ನೋಡನೋಡುತ್ತ ಕಣ್ಣು ಗುಳಿ ಬಿತ್ತು. ನಾನು ಕೂಗಿದ್ದಕ್ಕೆ ತಿಯಾಮಿಕೆ ಓಡಿ ಬಂದು, ಆಸ್ಪತ್ರೆಯವರು ಹಾಕಿದ ಕಾಲರಾ ಡೇರೆಗೆ ಈಗಲೇ ಹೊರಡಿ ಎಂದಳು. ಅಜ್ಜಿ ಮಗುವನ್ನು ಅವುಚಿಕೊಂಡು ಬಿಡಲೊಲ್ಲಳು.

"ಆ ಕಾಲರಾ ಡೇರೆಗೆ ಹೋದೋರು ಹೆಣವಾಗೇ ಬರ್ತಾರೆ ಕಣೇ."

"ತಡ ಮಾಡಿ ಹೋದೋರು ಅಜ್ಜಿ. ನಿಮ್ಮ ತಮ್ಮನ್ನ ಎರಡು ದಿನ ಮನೇಲೇ ಇಟ್ಕೊಂಡ್ರಿ."

ಅಜ್ಜಿ ಮಗುವನ್ನು ಎತ್ತಿಕೊಂಡು ಹೊರಡಲು ಎದ್ದೇಬಿಟ್ಟಳು. ತಿಯಾಮಿಕೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಸೀಸೆಗೆ ತುಂಬಿದಳು. ಬಾಡಿಗೆಗೆ ಜನರನ್ನು ಕೂರಿಸಿಕೊಂಡು ಹೋಗುವ ಸೈಕಲ್ ಹುಡುಗರನ್ನೆಲ್ಲ ಅವಳು ರೋಗಿಗಳಿಗೆಂದು ಮೊದಲೇ ಒಪ್ಪಿಸಿ, ದಾರಿಯುದ್ದಕ್ಕೂ ನಿಲ್ಲಿಸಿದ್ದಳು. ಅಬ್ಬಬ್ಬಾ, ಆ ಓಟ ನೋಡಬೇಕಿತ್ತು! ಒಬ್ಬನಿಗೆ ಏದುಸಿರು ಬಂದರೆ ಮುಂದಿನ ತಿರುವಿನಲ್ಲಿ ಇನ್ನೊಬ್ಬ ಸಿದ್ಧ. ಹಿಂದಿನ ಸೀಟಿನಲ್ಲಿ ಅಜ್ಜಿ, ಅವಳ ಎದೆಗೆ ಕಟ್ಟಿದ ಮಗು. ಕೆಸರಿನಲ್ಲಿ ತಿಯಾಮಿಕೆ ಸೈಕಲ್ ತಳ್ಳುತ್ತಿದ್ದಾಳೆ, ನಾನು ಸೆರಗು ಕಟ್ಟಿ ಹಿಂದೆ ಓಡುತ್ತಿದ್ದೇನೆ. ಅಜ್ಜಿ ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಲೇ ಇದ್ದಳು.

ಡೇರೆಯಲ್ಲಿ ನರ್ಸ್ ಗ್ಲೂಕೋಸ್ ಏರಿಸಿದಳು. ಸಂಜೆ ಜಿಯೋನಿ ಕಣ್ಣು ಬಿಟ್ಟು, ಹಸಿವು ಅಂದಳು. ಅಜ್ಜಿ ತಿಯಾಮಿಕೆಯ ಎರಡೂ ಕೈ ಹಿಡಿದುಕೊಂಡು ಅತ್ತಳು.

"ನಾನೇ ಕಣೇ ಆ ನೀರು ಅವಳ ತನಕ ಕಳಿಸಿದ್ದು. ನಾಳೆ ನಿನ್ನ ಜೊತೆ ಮನೆಮನೆಗೂ ಬರ್ತೀನಿ. ನಿನ್ನ ಮಾತು ಕೇಳದಿದ್ರೆ ನನ್ನ ಬೈಗುಳ ಕೇಳ್ತಾರೆ."

ಬಂಧುಗಳೇ, ಒಂದೇ ಪಾತ್ರೆಯಲ್ಲಿ ಕೈ ಅದ್ದಬೇಡಿ. ಸೋಪು ಹಚ್ಚಿ, ನೀರು ಸುರಿದು ತೊಳೆಯಿರಿ. ಭೇದಿ ಶುರುವಾದ ಕೂಡಲೇ ಸಕ್ಕರೆ ಉಪ್ಪಿನ ನೀರು ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ. ಆ ಬೆಳಿಗ್ಗೆ ನಾವು ಬಾಗಿಲಲ್ಲೇ ನಿಂತು ಇನ್ನೊಂದು ಗಂಟೆ ವಾದ ಮಾಡಿದ್ದರೆ, ಈ ಕಥೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.