ಹಗ್ಗ ಹಿಡಿದವರ ಪಾಲು

“ಅಕ್ಕೋರೆ, ಕೇಳಿದ್ರಾ? ದೀಪಿಕಾ ಸೋಮವಾರದಿಂದ ಬರೂದಿಲ್ಲಂತೆ! ರಾಜೀವ ಇಂಗ್ಲಿಷ್ ಶಾಲೆ ವ್ಯಾನಿಗೆ ಹೇಳಿ ಬಂದಾತು!”

ಅಡುಗೆಯ ತಿಮ್ಮಿ ಸೌಟು ಹಿಡಿದುಕೊಂಡೇ ತರಗತಿ ಬಾಗಿಲಿಗೆ ಓಡಿ ಬಂದಿದ್ದಳು. ಬಿಸಿಯೂಟದ ಸಾರು ಸೌಟಿನಿಂದ ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

“ಯಾವ ರಾಜೀವ? ನಮ್ಮ ಶಾಲಾ ಸಮಿತಿ ಅಧ್ಯಕ್ಷರಾ?” ವಿನುತಾ ಅಕ್ಕೋರಿಗೆ ನಂಬಿಕೆಯೇ ಬರಲಿಲ್ಲ.

“ಮತ್ತೆಂತ, ಕೇರಿಲಿ ರಾಜೀವಂದಿರ ಸಂತೆ ಅದ್ಯಾ? ಅವ್ನೇ. ಆಗಸ್ಟ್ ಹದ್ನೈದಕ್ಕೆ ಮೈಕ್ ಹಿಡ್ಕಂಡು ‘ನಮ್ಮೂರ ಶಾಲೆ ನಮ್ಮ ಹೆಮ್ಮೆ’ ಅಂದವ. ಹೆಮ್ಮೆಗೆ ಈಗ ವ್ಯಾನ್ ಬಂತು ನೋಡಿ!”

ತಿಮ್ಮಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಶಾಲೆ ಮುಚ್ಚಿದರೆ ಅವಳ ಸೌಟೂ ಕೆಳಗಿಡಬೇಕಾಗುತ್ತದೆ, ಅದು ಅವಳಿಗೂ ಗೊತ್ತು.

ಹೊನ್ನಾವರದ ಬಂದರಿನಿಂದ ತುಸು ದೂರ, ಕಡಲಂಚಿನ ಕೇರಿಯ ಕಿರಿಯ ಪ್ರಾಥಮಿಕ ಶಾಲೆ ಅದು. ದಿನಾ ಕುಮಟೆಯಿಂದ ಬಸ್ಸಿನಲ್ಲಿ ಬರುವ ವಿನುತಾ ಅಲ್ಲಿನ ಮುಖ್ಯೋಪಾಧ್ಯಾಯಿನಿಯೂ ಹೌದು, ಗಂಟೆ ಬಾರಿಸುವವಳೂ ಹೌದು. ಮಕ್ಕಳಲ್ಲಿ ಅರ್ಧದಷ್ಟು ಕೇರಿಯ ಮೀನುಗಾರರವು. ಉಳಿದವು ಬೋಟುಗಳಿಗೆ ದುಡಿಯಲು ಒಡಿಶಾದಿಂದ ಬಂದವರವು. ಅಧ್ಯಕ್ಷನ ಮಗಳೇ ಹೋದಳೆಂದರೆ ಕೇರಿಯ ಮಕ್ಕಳೆಲ್ಲ ತಾರ್ಲೆ ಮೀನಿನ ಹಿಂಡಿನಂತೆ ಅವಳ ಬೆನ್ನಿಗೇ ಹೋಗುತ್ತವೆ. ಆಮೇಲೆ ಮಕ್ಕಳ ಸಂಖ್ಯೆ ಸಾಲದೆಂದು ಶಾಲೆಯನ್ನು ಪೇಟೆ ಶಾಲೆಗೆ ಸೇರಿಸಿಬಿಡುತ್ತಾರೆ. ಒಡಿಶಾದ ಮಕ್ಕಳನ್ನು ಪೇಟೆಗೆ ಬಿಡುವವರು ಯಾರು? ಅಪ್ಪಂದಿರು ವಾರಗಟ್ಟಲೆ ಕಡಲಲ್ಲಿ, ಅಮ್ಮಂದಿರು ಬೆಳಕು ಹರಿಯುವ ಮೊದಲೇ ಸಿಗಡಿ ಸುಲಿಯುವ ಶೆಡ್ಡಿನಲ್ಲಿ. ಶಾಲೆ ಇಲ್ಲದಿದ್ದರೆ ಮಕ್ಕಳೂ ಅಲ್ಲಿಗೇ.

ಒಡಿಶಾದ ಸಸ್ಮಿತಾ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ‘ಅಳಿಲು’ ಎಂದು ಬರೆಯುತ್ತಿದ್ದಳು. ಬಂದಾಗ ಒಂದಕ್ಷರ ಕನ್ನಡ ಬಾರದಿದ್ದ ಹುಡುಗಿ. ಅವಳಿಗೆ ಮಾತು ಕಲಿಸಿದ್ದು ಅಕ್ಕೋರಲ್ಲ, ಪಕ್ಕದಲ್ಲಿ ಕೂರುವ ದೀಪಿಕಾ. ಅದಕ್ಕೇ ಸಸ್ಮಿತಾ ‘ಎಂತದ್ರಾ’ ಎಂದು ಥೇಟ್ ಕೇರಿಯವರ ಹಾಗೆಯೇ ಎಳೆಯುತ್ತಾಳೆ.

ಇಷ್ಟಕ್ಕೆಲ್ಲ ಕಾರಣ ಹೋದ ತಿಂಗಳಿನ ಪರೀಕ್ಷೆ. ಮಕ್ಕಳು ಎಷ್ಟು ಓದುತ್ತಾರೆಂದು ನೋಡಲು ಇಲಾಖೆಯ ಮೇಲಿನವರು ಬಂದಿದ್ದರು. ಅವರು ಕುರ್ಚಿಯಲ್ಲಿ ಕೂರುವುದಕ್ಕೂ ದಂಡೆಯಿಂದ ಕೂಗು ಏಳುವುದಕ್ಕೂ ಸರಿಹೋಯಿತು. ರಂಪಣಿ ಬಲೆಗೆ ಬಂಗಡೆ ಹಿಂಡು ಬಿದ್ದಿತ್ತು. ಆ ಬಲೆಯನ್ನು ಕಡಲಿಂದ ಎಳೆಯಲು ಇಡೀ ಕೇರಿಯೇ ಬೇಕು. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಮೀನಿನ ಪಾಲು, ಅದು ಹಿಂದಿನಿಂದ ಬಂದ ಪದ್ಧತಿ. ಕೇರಿಯ ಮಕ್ಕಳು ಪಾಟಿಚೀಲವನ್ನೂ ಬಿಟ್ಟು ಓಡಿದವು. ಉಳಿದದ್ದು ಒಡಿಶಾದ ಮಕ್ಕಳು. ದಂಡೆಯ ‘ಹೋ’ ಎಂಬ ಕೂಗು ತಮ್ಮನ್ನೂ ಕರೆಯುತ್ತದೆಂದು ಅವಕ್ಕೆ ಯಾರೂ ಹೇಳಿರಲಿಲ್ಲ. ಕನ್ನಡವನ್ನು ಇನ್ನೂ ಕಲಿಯುತ್ತಿದ್ದ ಅವರಿಗೇ ಪರೀಕ್ಷೆ ಆಯಿತು. ಫಲಿತಾಂಶ ತಾಲೂಕಿನಲ್ಲೇ ತಳಕ್ಕೆ. ಕೇರಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಬರೆದರು: ‘ಹೊರಗಿನ ಮಕ್ಕಳಿಂದ ಶಾಲೆ ಹಾಳಾತು.’ ಅದರ ಕೆಳಗೆ ಹೆಬ್ಬೆರಳುಗಳ ಸಾಲು.

ಸಂಜೆ ವಿನುತಾ ಬಸ್ಸು ಬಿಟ್ಟು ರಾಜೀವನ ಮನೆಗೆ ನಡೆದಳು. ಅವನು ಅಂಗಳದಲ್ಲಿ ಬಲೆ ಹರಡಿ ಹೊಲಿಯುತ್ತಿದ್ದ. ದೀಪಿಕಾ ಬಾಗಿಲಲ್ಲಿ ನಿಂತು ಹೊಸ ಶಾಲೆಯ ಟೈಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ಬನ್ನಿ ಅಕ್ಕೋರೆ. ಎಂತಕ್ಕೆ ಬಂದ್ರಿ ಅಂತ ಗೊತ್ತು. ನಮ್ಮದು ಎಂತದೂ ತಪ್ಪಿಲ್ಲ. ಆ ಮಕ್ಕಳ ಸಂಗಡ ಕೂತ್ರೆ ನಮ್ಮದು ಕಲಿತದ್ಯಾ? ರಿಸಲ್ಟ್ ನೋಡಿದ್ರಿ ಅಲ್ದಾ?”

“ರಾಜೀವಣ್ಣ, ಹಗ್ಗ ಹಿಡಿದವ್ರಿಗೆಲ್ಲ ಪಾಲು ಕೊಡ್ತ್ರಿ ನೀವು. ಯಾವೂರು ಅಂತ ಕೇಳೂದಿಲ್ಲ. ಶಾಲೆಲಿ ಮಾತ್ರ ಯಾಕೆ ಕೇಳೂದು?”

“ಅದು ಮೀನು ಅಕ್ಕೋರೆ. ಇದು ಮಗಳು.”

“ಅಪ್ಪಾ,” ಬಾಗಿಲಿನಿಂದ ದೀಪಿಕಾ ಹೇಳಿದಳು, “ಪರೀಕ್ಷೆ ದಿವ್ಸ ದಂಡೆಯಿಂದ ಕೂಗಿದ್ದು ನೀನೇ. ‘ದೀಪೀ, ಎಲ್ಲಾರ್ನೂ ಕರ್ಕೊಂಡು ಬಾ’ ಅಂದೆ.”

ರಾಜೀವನ ಕೈಯ ಸೂಜಿ ನಿಂತಿತು.

“ಒಳಗೆ ಹೋಗು ನೀನು.”

ಅವಳು ಹೋದಳು. ರಾಜೀವ ಬಲೆಯ ತೂತಿನೊಳಗೆ ಬೆರಳು ತೂರಿಸಿ ಹಿಗ್ಗಿಸಿ ನೋಡಿದ. ಕಡಲು ಮನೆಯ ಹಿಂದೆಯೇ ಇತ್ತು. 

“ನಾನೂ ಹಿಂಗೇ ಅಕ್ಕೋರೆ,” ಅವನೆಂದ. “ನಮ್ಮಪ್ಪ ಕೂಗ್ದ, ನಾನು ಓಡ್ದೆ. ನಾಕ್ನೇ ಕ್ಲಾಸು ಅಲ್ಲೇ ಬಿಟ್ಟೋತು. ಬಂಗಡೆ ಬಿತ್ತು ಅಂದ್ರೆ ಬಾಯಿ ತನ್ನಷ್ಟಕ್ಕೇ ಕೂಗ್ತದೆ, ನಂಗೆ ತಡೆಯೂಕೆ ಆಗೂದಿಲ್ಲ. ಆ ಇಂಗ್ಲಿಷ್ ಶಾಲೆ ಪೇಟೆ ಆಚೆಗದೆ. ಅಲ್ಲಿವರೆಗೆ ನನ್ನ ಕೂಗು ಹೋಗೂದಿಲ್ಲ.”

ವಿನುತಾ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದದ್ದು ಹಟಮಾರಿ ಅಧ್ಯಕ್ಷನಿಗೆ. ಎದುರಿಗಿದ್ದವನು ತನ್ನ ಕೂಗಿಗೇ ಹೆದರಿದ ಅಪ್ಪ.

“ಇದನ್ನೇ ಕೇರಿಯವ್ರ ಎದುರು ಹೇಳಿ,” ಎಂದಳು. “ಮಗಳನ್ನ ಕಳಿಸೂದಾದ್ರೆ ಕಳಿಸಿ. ಆದ್ರೆ ಕೆಡಿಸಿದ್ದು ಆ ಮಕ್ಕಳಲ್ಲ ಅಂತ ಒಂದು ಮಾತು ನಿಮ್ಮ ಬಾಯಿಂದ ಬಂದ್ರೆ ಉಳಿದವ್ರಾದ್ರೂ ನಿಲ್ತಾರೆ.”

“ಅಧ್ಯಕ್ಷ ಆಗಿ ನಾನು ಹಂಗೆ ಹೇಳಿದ್ರೆ ನಾಳಿಂದ ದಂಡೆಲಿ ತಲೆ ಎತ್ತೂಕಾತದ್ಯಾ? ನಗ್ತಾರೆ ಎಲ್ಲಾ.”

“ನಗಲಿ.”

ಅವನು ಹಲ್ಲಿನಿಂದ ದಾರ ಕಡಿದು, “ನಾಳೆ ಹತ್ತು ಗಂಟೆಗೆ ಮೀಟಿಂಗ್ ಇಡಿ. ಬತ್ತೆ. ಎಂತ ಹೇಳ್ತೆ ಅಂತ ನಂಗೇ ಗೊತ್ತಿಲ್ಲ,” ಎಂದ.

ಬಸ್ಸಿಗೆ ಹೊರಟಾಗ ಕತ್ತಲು ಕವಿಯುತ್ತಿತ್ತು. ಒಡಿಶಾದವರ ತಗಡಿನ ಜೋಪಡಿಗಳ ಸಾಲಿನ ಎದುರು ಸಸ್ಮಿತಾ ತಮ್ಮನನ್ನು ಸೊಂಟಕ್ಕೇರಿಸಿ ನಿಂತಿದ್ದಳು.

“ಅಕ್ಕೋರೆ, ದೀಪಿಕಾಗೆ ಎಂತ ಆತು? ನನ್ನತ್ರ ಮಾತಾಡ್ಲಿಲ್ಲ ಇವತ್ತು.”

ವಿನುತಾ ತಗಡಿನ ಬಾಗಿಲಿನೊಳಗೆ ಇಣುಕಿದಳು. 

“ಅಮ್ಮ ಬಂದ್ರಾ ಶೆಡ್ಡಿಂದ?”

“ಇಲ್ಲ.”

“ಬಂದ್ಮೇಲೆ ಹೇಳು. ನಾಳೆ ಶಾಲೆಲಿ ಮೀಟಿಂಗ್ ಅದೆ. ಅವ್ರೂ ಬರ್ಬೇಕು.”

ಸಸ್ಮಿತಾ ಕಣ್ಣರಳಿಸಿದಳು. ಅವಳ ಅಮ್ಮನನ್ನು ಈ ಊರಿನಲ್ಲಿ ಯಾರೂ ಯಾವುದಕ್ಕೂ ಕರೆದಿರಲಿಲ್ಲ.

“ಅಮ್ಮಂಗೆ ಕನ್ನಡ ಬರೂದಿಲ್ಲ ಅಕ್ಕೋರೆ.”

“ನೀನು ಪಕ್ಕದಲ್ಲಿ ಕೂತು ಹೇಳು. ಹತ್ತು ಗಂಟೆಗೆ. ಮರೀಬೇಡ.”