ಅಲುಗದ ಗೋಡೆ

ವರ್ಷಗಟ್ಟಲೆ ಟಿವಿ ಧಾರಾವಾಹಿಗಳಲ್ಲಿ ಸೊಸೆಯಾಗಿ ಕಣ್ಣೀರು ಹಾಕಿದವಳು ಅವಳು. ತರಕಾರಿ ಅಂಗಡಿಗೆ ಹೋದರೂ ಜನ ‘ಕಿರಿ ಸೊಸೆ’ ಎಂದೇ ಗುರುತಿಸುತ್ತಿದ್ದರು. ಸಿಟ್ಟಿನಿಂದ ಬಾಗಿಲು ಬಡಿದಾಗಲೆಲ್ಲ ಸೆಟ್ಟಿನ ಗೋಡೆ ಗಡಗಡ ಅಲುಗಿ ಅವಳು ತಲೆತಗ್ಗಿಸುವಂತೆ ಆಗುತ್ತಿತ್ತು. ಹಾಗಾಗಿ ತಾನೇ ಸಿನಿಮಾ ನಿರ್ದೇಶಿಸಲು ಹೊರಟಾಗ ಬಡಗಿಗೆ ಖಡಾಖಂಡಿತವಾಗಿ ಹೇಳಿದ್ದಳು: “ಗೋಡೆ ಅಲುಗಬಾರದು. ಬಾಗಿಲು ನಿಜವಾದ್ದೇ ಇರಲಿ. ಮೇಲೆ ಚಾವಣಿನೂ ಹಾಕಿ.”

ನಾಯಕಿ ಅವಳ ಸ್ವಂತ ತಂಗಿ. ಹೊಗೆ ತುಂಬಿದ ಕೋಣೆಯಲ್ಲಿ ಸಿಕ್ಕಿಬಿದ್ದ ಹುಡುಗಿ ಬಾಗಿಲು ಬಡಿದು ಅಮ್ಮನನ್ನು ಕೂಗಬೇಕು. ಅಂದಿನ ದೃಶ್ಯ ಅಷ್ಟೇ. ಹೊರಗಿನಿಂದ ಚಿಲಕ ಹಾಕಿ, ಗೋಡೆಯಲ್ಲಿದ್ದ ಅಂಗೈಯಗಲದ ಗಾಜಿನ ಕಿಂಡಿಗೆ ಕ್ಯಾಮೆರಾ ಇಟ್ಟರು. ಯಂತ್ರ ಬಿಳಿ ಹೊಗೆ ಉಗುಳತೊಡಗಿತು.

“ಆಕ್ಷನ್!”

“ಅಮ್ಮಾ!” ತಂಗಿ ಬಾಗಿಲು ಬಡಿದಳು, ಕೆಮ್ಮಿದಳು, ಉಗುರಿನಿಂದ ಮರ ಕೆರೆದಳು. ಮಾನಿಟರಿನ ಮುಂದಿದ್ದ ನಿರ್ದೇಶಕಿಯ ಮೈ ಜುಮ್ಮೆಂದಿತು. ಕ್ಯಾಮೆರಾಮನ್ ಹೆಬ್ಬೆರಳೆತ್ತಿ ತೋರಿಸಿದ.

“ಅಕ್ಕಾ! ಬಾಗಿಲು ತೆಗಿ! ಅಕ್ಕಾ!”

‘ಅಮ್ಮಾ’ ಅನ್ನೋದು ಮರೆತಳು, ಡಬ್ಬಿಂಗ್‌ನಲ್ಲಿ ಸರಿಮಾಡೋಣ ಅಂದುಕೊಂಡಳು ನಿರ್ದೇಶಕಿ. ಕಟ್ ಹೇಳಲು ಮನಸ್ಸೇ ಬರಲಿಲ್ಲ. ಅಷ್ಟು ಚೆನ್ನಾಗಿತ್ತು.

ಆಗ ಪರದೆಯ ಮೂಲೆಯಲ್ಲಿ ಹೊಗೆ ಕಪ್ಪಗಾಯಿತು.

“ನಮ್ಮ ಮಷೀನಿನ ಹೊಗೆ ಬಿಳಿ ಅಲ್ವಾ?” ಕೇಳಿದ ದನಿ ಅವಳಿಗೇ ತನ್ನದೆನಿಸಲಿಲ್ಲ. ಒಳಗೆ ಕಾದ ಶೂಟಿಂಗ್ ದೀಪಕ್ಕೆ ಗೋಡೆಗೆ ಇಳಿಬಿಟ್ಟ ಬಟ್ಟೆ ತಾಗಿ ಹೊತ್ತಿಕೊಂಡಿತ್ತು.

ಓಡಿಹೋಗಿ ಚಿಲಕ ತೆಗೆದು ತಳ್ಳಿದಳು. ಬಾಗಿಲು ಒಳಕ್ಕೆ ತೆರೆಯುವಂಥದು. ತಂಗಿ ಅದಕ್ಕೇ ಒರಗಿ ಬಿದ್ದಿದ್ದಳು. ಎರಡು ಬೆರಳು ತೂರುವಷ್ಟು ಸಂದಿ ಮಾತ್ರ ಆಯಿತು.

“ಪುಟ್ಟೀ, ಆಚೆ ಸರಿಯೇ! ಪುಟ್ಟೀ!”

ಸಂದಿ ಹಿಗ್ಗಲಿಲ್ಲ. “ಗೋಡೆ ಒಡೀರಿ!” ಎಂದು ಕಿರುಚಿದಳು. ಬಡಗಿ ಸುತ್ತಿಗೆ ಬೀಸಿದ. ಗೋಡೆ ಜಪ್ಪಯ್ಯ ಅನ್ನಲಿಲ್ಲ.

“ನೀವೇ ಗಟ್ಟಿ ಮಾಡು ಅಂದ್ರಲ್ಲಾ ಮೇಡಂ!” ಅವನು ಅಳುತ್ತಲೇ ಬಡಿಯುತ್ತಿದ್ದ.

ಅವಳೂ ಕೈಗೆ ಸಿಕ್ಕ ಕಬ್ಬಿಣದ ಸ್ಟ್ಯಾಂಡಿನಿಂದ ಹುಚ್ಚಿಯ ಹಾಗೆ ಕುಟ್ಟಿದಳು. ಕೊನೆಗೊಂದು ಹಲಗೆ ಸೀಳಿತು. ಆ ಸೀಳಿನಲ್ಲಿ ನುಗ್ಗಿ ತಂಗಿಯ ತೋಳು ಹಿಡಿದು ಹೊರಗೆಳೆದರು. ಮುಖವೆಲ್ಲ ಮಸಿ. ಉಸಿರಿದೆಯೋ ಇಲ್ಲವೋ ತಿಳಿಯದೆ ಅವಳ ಎದೆಗೆ ಕಿವಿಯಿಟ್ಟರೆ ನಿರ್ದೇಶಕಿಗೆ ಕೇಳಿಸಿದ್ದು ತನ್ನ ಗುಂಡಿಗೆಯ ಬಡಿತವೇ.

ಉಸಿರಿತ್ತು. ಸಂಜೆ ಆಸ್ಪತ್ರೆಯಲ್ಲಿ ತಂಗಿ ಕಣ್ಣುಬಿಟ್ಟಳು. ಗಂಟಲು ಕಟ್ಟಿತ್ತು.

“ಎಷ್ಟು ಹೊತ್ತು ನೋಡ್ತಾ ಕೂತಿದ್ದೆ ಅಕ್ಕಾ?”

“ಚೆನ್ನಾಗಿ ಮಾಡ್ತಿದ್ದೀಯ ಅಂದ್ಕೊಂಡೆ ಕಣೇ.”

“ನಾನೇನೂ ಆಕ್ಟ್ ಮಾಡ್ತಿರ್ಲಿಲ್ಲ.”

ಅಕ್ಕನಿಗೆ ಆ ರಾತ್ರಿಯಿಡೀ ನಟನೆಯೋ ನಿಜವೋ ಗುರುತಿಸದ ತನ್ನ ಕಣ್ಣುಗಳ ಬಗ್ಗೆಯೇ ಭಯ.

“ಜನ್ಮದಲ್ಲಿ ಇಂಥ ಶಾಟ್ ಸಿಗಲ್ಲ ಮೇಡಂ,” ಎಂದು ಕ್ಯಾಮೆರಾಮನ್ ಅಂಗಲಾಚಿದರೂ ಅವಳು ಎದುರಿಗೇ ನಿಂತು ಅದನ್ನು ಅಳಿಸಿಹಾಕಿಸಿದಳು. ತಂಗಿ ಚೇತರಿಸಿಕೊಂಡ ಮೇಲೆ ಚಾವಣಿ ಕಿತ್ತು, ಚಿಲಕ ಹಾಕದೆ ಮತ್ತೆ ಚಿತ್ರೀಕರಿಸಿದರು. ಈ ಸಲ ನಿರ್ದೇಶಕಿ ಕೋಣೆಯೊಳಗೇ ನಿಂತಿದ್ದಳು. ಹೊಗೆ ಏಳುತ್ತಲೇ ‘ಆಕ್ಷನ್’ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

“ಹೇಳಕ್ಕಾ, ಕಣ್ಣು ಉರೀತಿದೆ,” ಎಂದಳು ತಂಗಿ.

ಹೇಗೋ ಹೇಳಿದಳು. ತಂಗಿ ಒಮ್ಮೆ ಕೆಮ್ಮಿದ್ದೇ ತಡ, “ಕಟ್! ಕಟ್!” ಎಂದು ಕೂಗಿ ಅವಳ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

“ಇನ್ನೂ ಅರ್ಧ ಡೈಲಾಗ್ ಇತ್ತಲ್ಲಾ!” ತಂಗಿ ರೇಗಿದಳು.

“ಇರ್ಲಿ ಬಿಡು,” ಎಂದಳು ಅಕ್ಕ. ಹಿಡಿದ ರಟ್ಟೆಯನ್ನು ಮಾತ್ರ ಬಿಡಲಿಲ್ಲ.